ಇಪ್ಪತ್ತೊಂದನೆಯ ಮನೆ

ನಮ್ಮ ಕಾಲೇಜಿನ ಕಂಪ್ಯೂಟರ್ ಕೋಣೆಯನ್ನು ಹದಿನಾರು ವರ್ಷ ನೋಡಿಕೊಂಡವರನ್ನು ನಾವೆಲ್ಲ ‘ಸಿ ಮೇಷ್ಟ್ರು’ ಎನ್ನುತ್ತಿದ್ದೆವು. ಅವರು ಕಲಿಸುತ್ತಿದ್ದದ್ದು ‘ಸಿ’ ಎಂಬ ಕಂಪ್ಯೂಟರ್ ಭಾಷೆ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಹನ್ನೊಂದು ಯಂತ್ರಗಳ ಮೇಲಿನ ಬಟ್ಟೆ ತೆಗೆದು ಮಡಿಸಿಡುವರು. ಸಂಜೆ ಎಲ್ಲರೂ ಹೋದ ಮೇಲೆ ಮತ್ತೆ ಹೊದಿಸಿ ಹೊರಡುವರು. ಪಕ್ಕದ ಕೋಣೆಯಲ್ಲಿ ವ್ಯಾಕರಣ ಹೇಳುತ್ತಿದ್ದ ನಾನು, ಮನೆಗೆ ಹೋಗಿ ಏನು ಮಾಡುತ್ತೀರಿ ಎಂದು ಒಮ್ಮೆ ಕೇಳಿದ್ದೆ.

“ಬಾಗಿಲು ತೆಗೀತೀನಿ, ಹಾಕ್ಕೋತೀನಿ,” ಎಂದಿದ್ದರು.

ಪ್ರಮಾಣಪತ್ರ ಮುದ್ರಿಸುವ ಪ್ರೋಗ್ರಾಮ್ ಅವರೇ ಬರೆದದ್ದು. ಏಳು ವರ್ಷ ಅದು ಯಾರ ಬಾಯಿಗೂ ಬಿದ್ದಿರಲಿಲ್ಲ. ಹೊಸ ಪ್ರಾಂಶುಪಾಲರಿಗೆ ಮಾತ್ರ ಕಂಪನಿಯೊಂದರ ಸಾಫ್ಟ್‌ವೇರ್ ತರಿಸಿ, ಕೋಣೆಯನ್ನೂ ಆ ಕಂಪನಿಯವರಿಗೇ ವಹಿಸುವ ಮನಸ್ಸು. “ಒಂದು ತಪ್ಪು ಸಿಗ್ಲಿ, ಆಮೇಲೆ ನೋಡೋಣ,” ಎಂದು ಸಭೆಯಲ್ಲೇ ಅಂದಿದ್ದರು.

ಒಂದು ಮಂಗಳವಾರ ಅದು ಸಿಕ್ಕಿತು. ನಾನೂ ಮೇಷ್ಟ್ರೂ ಕಚೇರಿಗೆ ಹೋದಾಗ ಹುಡುಗಿಯೊಬ್ಬಳು ಪ್ರಮಾಣಪತ್ರ ಹಿಡಿದು ಗುಮಾಸ್ತರ ಮುಂದೆ ನಿಂತಿದ್ದಳು. ಅವಳ ಹೆಸರಿನ ಬಾಲಕ್ಕೆ ಅಪ್ಪನ ಹೆಸರು ಜಾಗ ಬಿಡದೆ ಅಂಟಿಕೊಂಡಿತ್ತು. ಮರುದಿನವೇ ಕೆಲಸದ ಸಂದರ್ಶನ.

“ನಿನ್ನ ಹೆಸರು ಓದೋಕೆ ಎರಡು ಉಸಿರು ಬೇಕು ಕಣಮ್ಮ,” ಎಂದರು ಗುಮಾಸ್ತರು. “ಅರ್ಜೀಲಿ ತಪ್ಪು ಬರ್ದಿದ್ದೆ ಅಂತ ಬರ್ಕೊಡು. ತಿದ್ದುಪಡಿಗೆ ಮೂರು ವಾರ.”

“ನಾನು ಸರಿಯಾಗೇ ಬರ್ದಿದ್ದೆ ಸಾರ್.”

ಸಿ ಮೇಷ್ಟ್ರು ಆ ಹಾಳೆ ತೆಗೆದುಕೊಂಡು, ಬೆರಳಿಟ್ಟು ಅಕ್ಷರ ಎಣಿಸಿದರು. ಗುಮಾಸ್ತರು ಅವರ ಕಿವಿಯ ಬಳಿ ಬಗ್ಗಿದರು. “ಸುಮ್ನಿರಿ ಸಾರ್. ಅರ್ಜಿ ತಪ್ಪು ಅಂದ್ರೆ ನಿಮ್ಮ ತಲೆ ಮೇಲೆ ಬರಲ್ಲ.”

“ಅವಳ ತಲೆ ಮೇಲೆ ಬರುತ್ತಲ್ಲಪ್ಪ.”

ಅವಳನ್ನೂ ನನ್ನನ್ನೂ ಕೋಣೆಗೆ ಕರೆದೊಯ್ದು ಪರದೆಯ ಮೇಲಿನ ಒಂದು ಸಾಲು ತೋರಿಸಿದರು: char hesaru[20];

“ಹೆಸರಿಗೆ ಇಪ್ಪತ್ತು ಮನೆ ಕೊಟ್ಟಿದ್ದೀನಿ, ಮನೆಗೊಂದು ಅಕ್ಷರ. ಹೆಸರು ಮುಗೀತು ಅನ್ನೋಕೆ ಕೊನೇಲಿ ಒಂದು ಸೊನ್ನೆ ಕೂರ್ಬೇಕು. ಇಂಗ್ಲಿಷಲ್ಲಿ ನಿನ್ನ ಹೆಸರಿಗೆ ಸರಿಯಾಗಿ ಇಪ್ಪತ್ತಕ್ಷರ. ಸೊನ್ನೆಗೆ ಜಾಗವೇ ಇಲ್ಲ. ಎಲ್ಲಿ ನಿಲ್ಬೇಕು ಅಂತ ಗೊತ್ತಾಗ್ದೆ ಯಂತ್ರ ಪಕ್ಕದಲ್ಲಿದ್ದ ನಿಮ್ಮಪ್ಪನ್ನೂ ಓದಿಬಿಟ್ಟಿದೆ.”

“ನಮ್ಮಪ್ಪ ಹಾಗೇ ಸಾರ್. ಎಲ್ಲಿಗೆ ಹೋದ್ರೂ ಹಿಂದೇನೇ ಬರ್ತಾರೆ.”

ಮೇಷ್ಟ್ರು ನಕ್ಕದ್ದನ್ನು ಆ ಕೋಣೆಯಲ್ಲಿ ನಾನು ಕಂಡದ್ದು ಆವತ್ತು ಮಾತ್ರ. ಇಪ್ಪತ್ತನ್ನು ಇಪ್ಪತ್ತೊಂದು ಮಾಡಿ, ಕೊನೆಯ ಮನೆಗೆ ಸೊನ್ನೆ ಕೂರಿಸುವ ಸಾಲೊಂದನ್ನು ಸೇರಿಸಿ, ಅವಳ ವಿವರ ಮತ್ತೆ ತುಂಬಿ ಹೊಸ ಹಾಳೆ ತೆಗೆದರು. ಎರಡನೆಯ ಪ್ರತಿಗೆ ಸಹಿ ಬೇಕಾದರೆ ಕಾರಣ ಬರೆದುಕೊಡಬೇಕಿತ್ತು. ‘ಅರ್ಜಿ ಸರಿಯಾಗಿದೆ. ತಪ್ಪು ನನ್ನದು’ ಎಂದು ಬರೆದರು. ಪ್ರಾಂಶುಪಾಲರು ಪ್ರಮಾಣಪತ್ರಕ್ಕೆ ಸಹಿ ಹಾಕಿ, ಆ ಚೀಟಿಯನ್ನು ಮೇಜಿನ ಖಾನೆಗೆ ಸೇರಿಸಿದರು. ಹುಡುಗಿ ಬಸ್ಸಿಗೆ ಓಡಿದಳು. ಅವಳಿಗೆ ಕೆಲಸ ಸಿಕ್ಕಿತೋ ಇಲ್ಲವೋ ನಮಗೆ ತಿಳಿಯಲಿಲ್ಲ.

ಮುಂದಿನ ತಿಂಗಳು ಕೋಣೆ ಕಂಪನಿಯವರ ಕೈ ಸೇರಿತು. ಮೇಷ್ಟ್ರನ್ನು ಹಿಂಭಾಗದ ಹಳೆಯ ಕಡತಗಳ ಕೋಣೆಗೆ ಹಾಕಿದರು. ಅಲ್ಲಿ ಪಾಠವಿಲ್ಲ, ಬರುವವರಿಲ್ಲ. ಬಿಡುವಿದ್ದ ಒಂದು ಮಧ್ಯಾಹ್ನ ನಾನು ಹೋದೆ.

“ಬೇಜಾರಾಗಲ್ವಾ ಸಾರ್ ಇಲ್ಲಿ?”

“ಮಕ್ಕಳ ಗಲಾಟೆ ಕೇಳ್ಸಲ್ಲ. ಅದೊಂದೇ,” ಎನ್ನುತ್ತ, ಅಲ್ಲಿದ್ದ ಎರಡನೆಯ ಕುರ್ಚಿಯ ಮೇಲಿನ ಕಡತಗಳನ್ನು ಒಂದೊಂದಾಗಿ ಕೆಳಗಿಳಿಸತೊಡಗಿದರು.