ಲೇಬಲ್ ನೋಡಿ ಬರೆಯದ ಜಯರಾಮಪ್ಪ

ಬೆಳಗಿನ ಜಾವ ನಾಲ್ಕು ಗಂಟೆ. ಊರಿಗಾಂನ ಚಿನ್ನದ ಗಣಿಯಲ್ಲಿ ಬಂಡೆಯನ್ನು ಪರೀಕ್ಷೆ ಮಾಡುವ ಕಟ್ಟಡಕ್ಕೆ ಕಾರ್ಮಿಕರ ಲೈನುಮನೆಗಳ ಜನ ‘ಅಸೆ ಆಫೀಸು’ ಎನ್ನುತ್ತಾರೆ. ಅಲ್ಲಿ ಕುಲುಮೆಯ ಬಾಗಿಲು ತೆಗೆದು ಜಯರಾಮಪ್ಪ ಒಳಗೆ ಇಣುಕುತ್ತಾರೆ. ಕಾವು ಸರಿಯಾಗಿದೆ. ಎಲುಬಿನ ಬೂದಿಯಿಂದ ಮಾಡಿದ ಪುಟ್ಟ ಬಟ್ಟಲುಗಳನ್ನು ಉದ್ದನೆಯ ಇಕ್ಕಳದಲ್ಲಿ ಹಿಡಿದು ಸಾಲಾಗಿ ಇಡುತ್ತಾರೆ. ಪ್ರತಿ ಬಟ್ಟಲಲ್ಲೂ ಬಂಡೆಯ ಪುಡಿಯೊಂದಿಗೆ ಕರಗಿಸಿ ತೆಗೆದ ಒಂದು ಸೀಸದ ಗುಂಡು. ಸೀಸ ಕರಗಿ ಬೂದಿಗೆ ಇಂಗಿದ ಮೇಲೆ ತಳದಲ್ಲಿ ಸಾಸಿವೆಗಿಂತ ಸಣ್ಣ ಕಾಳೊಂದು ಉಳಿಯುತ್ತದೆ. ಕೆಳಗಿನಿಂದ ಬಂದ ಬಂಡೆಯಲ್ಲಿ ಚಿನ್ನ ಎಷ್ಟಿದೆ ಎಂದು ಹೇಳುವುದು ಆ ಕಾಳು.

ದಿನಕ್ಕೆ ನಲವತ್ತೆಂಟು ಬಟ್ಟಲು. “ಹತ್ತೊಂಬತ್ತು ವರ್ಷ ಆಯ್ತು. ಮುಖಾನೇ ಕುಲುಮೆಗೆ ಒಗ್ಗೋಗೈತೆ” ಎಂದು ನಗುತ್ತಾರೆ. ವಯಸ್ಸು ಮೂವತ್ತೈದು. ಹುಬ್ಬಿನ ಕೂದಲು ಅರ್ಧ ಸುಟ್ಟಿದೆ.

ಆರು ಗಂಟೆಗೆ ಕೈ ತೊಳೆದು, ಗೋಡೆಯ ಮೊಳೆಗೆ ತೂಗುಹಾಕಿದ ಬಿಳಿ ಅಂಗಿ ತೊಟ್ಟು, ಬಟ್ಟೆಚೀಲ ಹೆಗಲಿಗೇರಿಸಿ ಸ್ಟೇಷನ್ನಿಗೆ ಓಡುತ್ತಾರೆ. ಬಂಗಾರಪೇಟೆಯಲ್ಲಿ ಇಳಿದು ಬೆಂಗಳೂರಿನ ರೈಲಿಗೆ ಕಾಯಬೇಕು. ಆ ಅರ್ಧ ಗಂಟೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಪುಸ್ತಕ ತೆರೆದಿರುತ್ತದೆ. ಅಲ್ಲಿ ಕಾಫಿ ಮಾರುವವರು ಇವರನ್ನು ‘ಮಾತ್ರೆ ಮೇಷ್ಟ್ರು’ ಎನ್ನುತ್ತಾರೆ. ಹೋಗಿಬರುವ ದಾರಿ ನೂರು ಮೈಲಿ ದಾಟುತ್ತದೆ, ವಾರಕ್ಕೆ ಆರು ದಿನ. ಓದುತ್ತಿರುವುದು ಔಷಧ ರಸಾಯನಶಾಸ್ತ್ರ. ಔಷಧ ಯಾವುದರಿಂದ ಆಗಿದೆ, ಹೇಗೆ ಆಗಿದೆ, ಅದರಲ್ಲಿ ಸತ್ವ ಎಷ್ಟಿದೆ ಎಂದು ತಿಳಿಯುವ ಯೂನಿವರ್ಸಿಟಿ ಓದು. ಕಾಲೇಜಿನ ಹೆಸರು ಬರೆಯಬೇಡಿ ಎಂದು ಜಯರಾಮಪ್ಪ ಕೇಳಿಕೊಂಡಿದ್ದಾರೆ. ಯಾಕೆಂದರೆ ಅಲ್ಲಿ ಅವರ ಜಗಳ ಇನ್ನೂ ಮುಗಿದಿಲ್ಲ.

ಊರು ಕ್ಯಾಸಂಬಳ್ಳಿಯ ಹತ್ತಿರ. ತಂದೆ ಬಚ್ಚಪ್ಪ ರಾಗಿ ಹೊಲ ತಮ್ಮನಿಗೆ ಬಿಟ್ಟು ಗಣಿಗೆ ಇಳಿದವರು. ಇಪ್ಪತ್ತೆರಡು ವರ್ಷ ಕಲ್ಲಿನ ಧೂಳು ಕುಡಿದ ಎದೆಗೆ ಕ್ಷಯವೂ ಸೇರಿಕೊಂಡಿತು. ಬಂಗಾರಪೇಟೆಯ ಖಾಸಗಿ ಡಾಕ್ಟರೊಬ್ಬರು ಮಾತ್ರೆ ಬರೆದುಕೊಟ್ಟರು. ದಿನಕ್ಕೆ ಮೂರು, ಹದಿನಾಲ್ಕು ತಿಂಗಳು. ಒಂದೊಂದನ್ನೂ ಮಗನೇ ಅಂಗೈಗೆ ಹಾಕಿ, ನೀರು ಕೊಟ್ಟು, ನುಂಗಿಸಿದ. ಕಾಯಿಲೆ ಇಳಿಯಲಿಲ್ಲ. ಐವತ್ತೇಳನೇ ಇಸವಿಯ ಚಳಿಗಾಲದಲ್ಲಿ ಡಾಕ್ಟರು ಗದರಿದರು: “ನಿಮ್ಮಂಥೋರು ಮಾತ್ರೆ ಬಿಸಾಕ್ತೀರಿ, ಆಮೇಲೆ ವಾಸಿ ಆಗ್ಲಿಲ್ಲ ಅಂತ ಬರ್ತೀರಿ.” ಚೀಟಿಯ ಮೇಲೂ ಹಾಗೆಯೇ ಬರೆದರು, ರೋಗಿ ಔಷಧ ತೆಗೆದುಕೊಂಡಿಲ್ಲ ಎಂದು. ಆ ಚೀಟಿ ಮನೆಗೆ ಬಂದ ಹನ್ನೊಂದನೇ ದಿನ ಬಚ್ಚಪ್ಪ ತೀರಿಕೊಂಡರು.

“ಮಾತ್ರೆ ಕೆಟ್ಟದಾಗಿತ್ತು ಅಂತ ನಾನು ಯೇಳಲ್ಲ” ಎನ್ನುತ್ತಾರೆ ಜಯರಾಮಪ್ಪ. “ನಂಗೊತ್ತಿಲ್ಲ. ಅದನ್ನ ಯಾರೂ ತೂಗ್ಲಿಲ್ಲ. ತೂಗ್ದೇನೆ ನಮ್ಮಪ್ಪನ್ನ ಸುಳ್ಳ ಅಂದ್ರು.”

ಅಲ್ಲಿಂದ ಹಿಡಿದ ಹಟ. ಸಂಜೆ ತರಗತಿಗೆ ಹೋಗಿ ಮೆಟ್ರಿಕ್ ಕಟ್ಟಿ ಪಾಸಾದರು. ಮುಂದಿನ ಪರೀಕ್ಷೆಯಲ್ಲಿ ಒಂದು ಸಲ ಬಿದ್ದು ಎದ್ದರು. ಸೀಟು ಸಿಕ್ಕಾಗ ವಯಸ್ಸು ಮೂವತ್ತೊಂದು. ಆಗ ಅವರು ಅಸೆ ಆಫೀಸಿನಲ್ಲಿ ತಕ್ಕಡಿ ಕೋಣೆಗೆ ಏರಿದ್ದರು. ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯ ಮುಂದೆ ಉಸಿರು ಹಿಡಿದು ಚಿನ್ನದ ಕಾಳು ತೂಗುವ ಕುರ್ಚಿ, ಆಫೀಸಿನಲ್ಲಿ ಎಲ್ಲರೂ ಆಸೆಪಡುವ ಕುರ್ಚಿ. ಆದರೆ ಆ ಕೆಲಸ ಶುರುವಾಗುವುದೇ ಬೆಳಿಗ್ಗೆ ಎಂಟಕ್ಕೆ. ರೈಲು ಹಿಡಿಯಬೇಕೆಂದು ಕುರ್ಚಿ ಬಿಟ್ಟುಕೊಟ್ಟು ಮತ್ತೆ ಕುಲುಮೆಯ ರಾತ್ರಿ ಪಾಳಿಗೆ ಬಂದರು. ಈಗ ಅಲ್ಲಿ ಬೇರೆಯವರು ಕೂತಿದ್ದಾರೆ.

“ಜನ ಮೇಲಕ್ಕೆ ಹತ್ತೋಕೆ ಓದ್ತಾರೆ. ಈ ತಂಬಿ ಓದೋಕೆ ಅಂತ ಕೆಳಗೆ ಇಳಿದ” ಎನ್ನುತ್ತಾರೆ ಆಫೀಸಿನ ಹಿರಿಯ ಆರುಮುಗಂ. ಜಯರಾಮಪ್ಪನಿಗೆ ಹದಿನಾರನೇ ವಯಸ್ಸಿನಲ್ಲಿ ಇಕ್ಕಳ ಹಿಡಿಯಲು ಕಲಿಸಿದವರು ಇವರೇ. ಕೆಲಸದ ಕಟ್ಟಳೆಯನ್ನೂ ಇವರೇ ಕಲಿಸಿದರು. ಅದಕ್ಕೆ ಅಲ್ಲಿ ‘ಎರಡು ಕೈ’ ಎಂದು ಹೆಸರು. ಬಂಡೆಯ ಪುಡಿಯನ್ನು ಎರಡು ಪಾಲು ಮಾಡಿ ಇಬ್ಬರಿಗೆ ಕೊಡುತ್ತಾರೆ. ಒಬ್ಬನ ಲೆಕ್ಕ ಇನ್ನೊಬ್ಬ ನೋಡುವಂತಿಲ್ಲ. ಎರಡೂ ಕೂಡಿಬಂದರೆ ಸರಿ, ಬೇರೆಯಾದರೆ ಮೂರನೆಯ ಕೈ. ದೊಡ್ಡ ಸಾಹೇಬರು ಇಷ್ಟು ಚಿನ್ನ ಬರಬೇಕು ಎಂದು ಎಣಿಸಿಕೊಂಡಿದ್ದರೂ ಪುಸ್ತಕಕ್ಕೆ ಹೋಗುವುದು ತಕ್ಕಡಿ ಹೇಳಿದ್ದು ಮಾತ್ರ.

ಈ ಅಭ್ಯಾಸವೇ ಕಾಲೇಜಿನಲ್ಲಿ ಕಾಲಿಗೆ ತೊಡರಿಕೊಂಡಿತು.

ಹೋದ ವರ್ಷ ಏಪ್ರಿಲ್‌ನಲ್ಲಿ ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ. ಒಂದು ಬಾಟಲಿ ಸಲ್ಫಾ ಮಾತ್ರೆ ಕೊಟ್ಟು, ಒಂದೊಂದರಲ್ಲಿ ಔಷಧ ಎಷ್ಟಿದೆ ಕಂಡುಹಿಡಿಯಿರಿ ಎಂದರು. ಇಪ್ಪತ್ತು ಮಾತ್ರೆ ತೂಗಿ, ಅರೆದು, ಆ ಪುಡಿಯಲ್ಲಿ ಸ್ವಲ್ಪ ತೆಗೆದು ಕರಗಿಸಿ, ಮಂಜುಗಡ್ಡೆಯ ನಡುವೆ ಇಟ್ಟು, ಗಾಜಿನ ಕೊಳವೆಯಿಂದ ಹನಿಹನಿಯಾಗಿ ಅಳತೆಯ ದ್ರಾವಣ ಬಿಡಬೇಕು. ನಡುನಡುವೆ ಗಾಜಿನ ಕಡ್ಡಿಯನ್ನು ಅದ್ದಿ ಗಂಜಿ ಬಳಿದ ಕಾಗದಕ್ಕೆ ಮುಟ್ಟಿಸಬೇಕು. ನೀಲಿ ಗೆರೆ ಮೂಡಿತೋ, ನಿಲ್ಲಿಸಿ ಲೆಕ್ಕ ಹಾಕಬೇಕು. ಬಾಟಲಿಯ ಲೇಬಲ್ಲಿನಲ್ಲಿ ಇದ್ದದ್ದು ಐನೂರು ಮಿಲಿಗ್ರಾಂ. ಜಯರಾಮಪ್ಪನಿಗೆ ಬಂದದ್ದು ನಾನೂರ ಹತ್ತು. ಇನ್ನೊಮ್ಮೆ ಮಾಡಿದರು, ನಾನೂರ ಎಂಟು.

ಪಕ್ಕದ ಹುಡುಗ ಪಿಸುಗುಟ್ಟಿದ: “ಏನ್ ಸಾರ್, ಮಾತ್ರೇಲಿ ಚಿನ್ನ ಹುಡುಕ್ತಾ ಇದೀರಾ? ನಾನೂರ ತೊಂಬತ್ತೆಂಟು ಬರೀರಿ, ಊಟಕ್ಕೆ ಹೋಗೋಣ.”

ಇವರು ಎರಡರ ಸರಾಸರಿ ತೆಗೆದು ನಾನೂರ ಒಂಬತ್ತು ಎಂದು ಬರೆದರು. ಪರೀಕ್ಷಕರು ಕಾಗದ ನೋಡಿ ಕನ್ನಡಕ ತೆಗೆದರು.

“ಏನಯ್ಯ ಇದು? ಲೇಬಲ್ ಓದೋಕೂ ಬರಲ್ವಾ?”

“ಓದ್ದೆ ಸಾರ್. ಒಳಗೆ ಅಷ್ಟಿಲ್ಲ.”

“ಇದು ನಿಮ್ಮೂರಿನ ಬಂಡೆ ಅಲ್ಲ ಕಣಯ್ಯ, ಕಂಪೆನಿ ಮಾತ್ರೆ.”

“ಬಂಡೆ ಸುಳ್ಳು ಯೇಳಲ್ಲ ಸಾರ್. ಅದರ ಮೇಲೆ ಲೇಬಲ್ ಇರಲ್ಲ.”

ಆ ಕೋಣೆಯಲ್ಲಿ ಮೂವತ್ತೆಂಟು ಮಂದಿ ಇದ್ದರು. ಮೂವತ್ತೇಳು ಮಂದಿ ಪಾಸು.

ಅಕ್ಟೋಬರಿನಲ್ಲಿ ಮತ್ತೆ ಕೂತರು. ಅದೇ ಕಂಪೆನಿಯ ಇನ್ನೊಂದು ಬಾಟಲಿ, ಅದೇ ಲೇಬಲ್. ಈ ಸಲ ನಾನೂರ ಹನ್ನೆರಡು ಬಂತು. ಬಂದದ್ದನ್ನೇ ಬರೆದರು, ಮತ್ತೆ ಫೇಲು. ಬರುವ ಮಾರ್ಚಿ ಹದಿನಾಲ್ಕಕ್ಕೆ ಮೂರನೆಯ ಪರೀಕ್ಷೆ. ಅದೇ ಕೊನೆಯದು. ಅದರಲ್ಲೂ ಬಿದ್ದರೆ ಕಾಲೇಜಿನ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ. ನಾಲ್ಕು ವರ್ಷದ ರೈಲು, ಬಿಟ್ಟುಕೊಟ್ಟ ಕುರ್ಚಿ, ಎಲ್ಲವೂ ನೀರಿಗೆ ಹೋದ ಹಾಗೆ.

ಮನೆಯಲ್ಲಿ ಈ ಮಾತು ಬಾರದ ದಿನವಿಲ್ಲ. ಹೋದ ಭಾನುವಾರವೂ ಬಂತು. ಹೆಂಡತಿ ಅಮ್ಮಾಜಮ್ಮ ಮುದ್ದೆ ಕಟ್ಟುತ್ತಲೇ ಶುರುಮಾಡಿದರು: “ನಲ್ಲಿ ಅತ್ರ ಕೊಡ ಇಟ್ರೆ ಸಾಕು, ‘ಏನಮ್ಮ, ನಿಮ್ಮೆಜಮಾನ್ರು ಇನ್ನೂ ಪಾಸಾಗ್ಲಿಲ್ವಾ’ ಅಂತಾರೆ. ಅಷ್ಟು ದೂರದ ಬೇತಮಂಗಲದಿಂದ ನಲ್ಲಿಗೆ ನೀರು ಬರ್ತದೆ, ಇವರ ರಿಜಲ್ಟು ಬರಲ್ಲ. ಐನೂರು ಅಂತ ಬರೆದ್ರೆ ಇವರ ಗಂಟೇನು ಓಗ್ತದೆ, ಕೇಳಿ ಅತ್ತೆ!”

“ನಾನು ಬರೆದ್ರೆ ಆ ಬಾಟಲಿಗೆ ನಾನೇ ಸಾಕ್ಷಿ ಯೇಳ್ದಂಗೆ ಕಣಮ್ಮಿ” ಎಂದರು ಜಯರಾಮಪ್ಪ.

“ಎಲ್ಲಾರೂ ಯೇಳಿಲ್ವಾ?”

ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ತಾಯಿ ಮುನಿನಾರಾಯಣಮ್ಮ ತಲೆ ಎತ್ತಲಿಲ್ಲ. “ಬರೀಬ್ಯಾಡ ನಾಯ್ನಾ” ಎಂದರು. “ನುಂಗಿದೋನ್ನ ನುಂಗ್ಲಿಲ್ಲ ಅಂತ ಒಬ್ಬ ಬರ್ಕೊಂಡ. ಅಂಥ ಬರವಣಿಗೆ ಇನ್ನೊಂದು ಈ ಮನೆಯಿಂದ ಓಗಬಾರದು.”

ಅಮ್ಮಾಜಮ್ಮ ಗಂಡನ ತಟ್ಟೆಗೆ ಮುದ್ದೆ ಹಾಕಿ, ಸಾರು ಬಡಿಸಿದರು. “ಸರಿ ಬಿಡಿ. ತಾಯಿ ಮಗ ಇಬ್ರೂ ಸೇರ್ಕೊಂಡು ಫೇಲಾಗಿ” ಎಂದರು. ಆಮೇಲೆ ಇನ್ನೊಂದು ಸೌಟು ಸಾರು ಹಾಕಿದರು.

ಜಯರಾಮಪ್ಪ ಸುಮ್ಮನೆ ಕೂತವರಲ್ಲ. ಅಕ್ಟೋಬರ್ ಫಲಿತಾಂಶ ಬಂದ ಮಾರನೇ ದಿನ ಕಾಲೇಜಿಗೆ ಅರ್ಜಿ ಕೊಟ್ಟಿದ್ದಾರೆ. ಎರಡೇ ಮಾತು: ಪರೀಕ್ಷೆಗೆ ಇಡುವ ಬಾಟಲಿಯ ಮಾತ್ರೆಯನ್ನು, ನನ್ನ ಉತ್ತರ ನೋಡದ ಇನ್ನೊಬ್ಬರ ಕೈಯಲ್ಲೂ ಮಾಡಿಸಿ. ಅವರ ಲೆಕ್ಕದ ಪಕ್ಕ ನನ್ನದನ್ನು ಇಟ್ಟು ಮಾರ್ಕು ಕೊಡಿ. ಕನ್ನಡದಲ್ಲಿ ಬರೆದದ್ದಕ್ಕೆ ವಾಪಸು ಬಂತು. ಡಿಕ್ಷನರಿ ಇಟ್ಟುಕೊಂಡು ಇಂಗ್ಲಿಷಿನಲ್ಲಿ ಬರೆದುಕೊಟ್ಟರು. ಪ್ರತಿ ಶನಿವಾರ ಹೋಗಿ ಗುಮಾಸ್ತರ ಮೇಜಿನ ಮುಂದೆ ನಿಲ್ಲುತ್ತಾರೆ. “ಮೇಲಕ್ಕೆ ಹೋಗಿದೆ” ಎನ್ನುತ್ತಾರೆ ಗುಮಾಸ್ತರು. “ಇಳಿಯೋವರೆಗೂ ಬತ್ತೀನಿ ಸಾರ್” ಎಂದು ಇವರು ಹೇಳಿಬರುತ್ತಾರೆ. ಹದಿನೈದು ಶನಿವಾರ ಆಗಿದೆ.

ಅಧ್ಯಾಪಕರೊಬ್ಬರು ಮೆಲ್ಲಗೆ ಕರೆದು ಬುದ್ಧಿ ಹೇಳಿದರಂತೆ. ಮೊದಲು ಪಾಸಾಗು, ಡಿಗ್ರಿ ಕೈಗೆ ಬಂದ ಮೇಲೆ ಎಷ್ಟು ಬೇಕಾದರೂ ಸತ್ಯ ಬರಿ ಎಂದು. “ಸುಳ್ಳು ಬರೆದು ತಗೊಂಡ ಡಿಗ್ರೀಲಿ ನಾನು ಬರೆಯೋ ಸತ್ಯಾನ ಯಾರು ನಂಬ್ತಾರೆ ಸಾರ್ ಅಂದೆ. ಅವರು ಪಾಪ ಒಳ್ಳೇವ್ರು.”

ಕುಲುಮೆ ಆರಿಸುವ ಹೊತ್ತಾಗಿದೆ. ಆರುಮುಗಂ ಬಂದು ಬಟ್ಟಲುಗಳನ್ನು ಎಣಿಸಿಕೊಳ್ಳುತ್ತಾರೆ. ಎಣಿಸುತ್ತಲೇ ಕೇಳುತ್ತಾರೆ: “ಒಂದು ಮಾತು ಕೇಳ್ತೀನಿ ತಂಬಿ, ಕೋಪ ಮಾಡ್ಕೋಬೇಡ. ನಿನ್ನ ಕೈಯೇ ತಪ್ಪಾಗಿದ್ರೆ?”

“ಇರಬೌದು ಆರುಮುಗಣ್ಣ. ಕೈ ಅಂದ್ಮೇಲೆ ತಪ್ತದೆ.”

“ಮತ್ತೆ ಯಾಕೆ ಇಷ್ಟು ರೋಷ?”

ಜಯರಾಮಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆ. ರೈಲಿಗೆ ಹತ್ತು ನಿಮಿಷ ಇದೆ.

“ಪಾಸು ಮಾಡಿ ಅಂತ ನಾನು ಅರ್ಜಿ ಬರೆದಿಲ್ಲ ಅಣ್ಣ. ಫೇಲ್ ಮಾಡ್ಲಿ, ಬ್ಯಾಡ ಅನ್ನಲ್ಲ. ತೂಗಿ ಫೇಲ್ ಮಾಡ್ಲಿ.”