ಅರ್ಧಕ್ಕೆ ನಿಂತ ಬ್ಯಾಟು

ಒಬ್ಬ ಮನುಷ್ಯನಿಗೆ ಎಷ್ಟು ಆತ್ಮವಿಶ್ವಾಸವಿದೆ ಎಂದು ಒಂದು ನಿಮಿಷದಲ್ಲಿ ಹೇಳಬಹುದೇ? ನಾನು ಹೇಳುತ್ತಿದ್ದೆ. ಕಳೆದ ತಿಂಗಳವರೆಗೆ.

ವಿಲ್ಫ್ರೆಡ್ ಫೋನ್ ಮಾಡಿದಾಗ ನಾನು ಚಪಾತಿ ಹಿಟ್ಟು ಕಲಸುತ್ತಿದ್ದೆ. ವಿಲ್ಫ್ರೆಡ್ ಮಂಗಳೂರಿನವರು. ಪೆಟಾಲಿಂಗ್ ಜಯಾದಲ್ಲಿ ನಮ್ಮದೇ ಕಟ್ಟಡದ ಮೇಲಿನ ಮಹಡಿಯಲ್ಲಿದ್ದಾರೆ. ವಾರವಿಡೀ ಅಕೌಂಟ್ಸ್, ಭಾನುವಾರ ಬೇಸ್‌ಬಾಲ್. (ಮಲೇಷ್ಯಾದಲ್ಲಿ ಬೇಸ್‌ಬಾಲಾ ಎಂದು ಹುಬ್ಬೇರಿಸಬೇಡಿ. ಬ್ಯಾಡ್ಮಿಂಟನ್ ಆಡುವ ದೇಶದಲ್ಲೂ ಕೆಲವರು ಹಟಮಾರಿಗಳಿರುತ್ತಾರೆ.) ಅವರದೊಂದು ಪುಟ್ಟ ಕ್ಲಬ್, ಅದಕ್ಕೆ ಎರಡು ತಂಡ. ವಿಲ್ಫ್ರೆಡ್ ಎರಡನೇ ತಂಡದ ಕೋಚ್. ಅಂದರೆ, ಒಂದು ದಿನ ಮೊದಲ ತಂಡಕ್ಕೆ ಏರುವ ಕನಸು ಹೊತ್ತು ಸದ್ಯಕ್ಕೆ ಚೆಂಡಿಗೆ ಬ್ಯಾಟು ತಾಗಿಸಲು ಒದ್ದಾಡುತ್ತಿರುವವರ ಕೋಚ್.

ಕೋವಿಡ್ ಬಂದು ಮೈದಾನಕ್ಕೆ ಬೀಗ ಬಿದ್ದಿತ್ತು. ಹೊಸ ತಂಡ ಆರಿಸಬೇಕಿತ್ತು. ಹೇಗೆ? ಆಟಗಾರರು ಮನೆಯಲ್ಲೇ ಬ್ಯಾಟು ಬೀಸಿ ವಿಡಿಯೊ ಕಳಿಸಬೇಕು!

"ಒಂದು ಉಪಕಾರ ಆಗ್ಬೇಕಿತ್ತು ಮಾರಾಯ್ರೆ" ಎಂದರು ವಿಲ್ಫ್ರೆಡ್. "ವಿಡಿಯೊ ನೋಡಿ ಕಾನ್ಫಿಡೆನ್ಸಿಗೆ ಮಾತ್ರ ಮಾರ್ಕ್ಸ್ ಕೊಡಿ."

"ನಂಗೆ ಆ ಆಟದ ಗಂಧಗಾಳಿ ಇಲ್ಲ."

"ಒಳ್ಳೇದೇ ಆಯ್ತಲ್ಲ. ಆಟ ನಾನು ನೋಡ್ತೇನೆ. ನೀವು ಆಫೀಸಲ್ಲಿ ದಿನಾ ಮುಖ ನೋಡಿಯೇ ಕೆಲಸ ಕೊಡುದಲ್ವಾ?"

ನಿಜವೇ. ಸೈಬರ್‌ಜಯಾದ ಒಂದು ಕಂಪನಿಯಲ್ಲಿ ನಾನು ಎಚ್‌ಆರ್. ಹೊಗಳಿಕೆಗೆ ಬೇಗ ಕರಗುತ್ತೇನೆ. ಒಪ್ಪಿಕೊಂಡೆ.

ವಿಡಿಯೊಗಳು ಬಂದವು. ಒಬ್ಬ ಗಾಳಿಯೇ ಸೀಳುವಂತೆ ಬೀಸಿದ. ಹತ್ತಕ್ಕೆ ಒಂಬತ್ತು ಕೊಟ್ಟೆ. ಮತ್ತೊಬ್ಬ, ನಿಹಾಲ್, ಬ್ಯಾಟನ್ನು ಎತ್ತಿದ, ತಿರುಗಿಸಿದ, ಎದೆಯ ಹತ್ತಿರ ತಂದು ಗಕ್ಕನೆ ನಿಲ್ಲಿಸಿಬಿಟ್ಟ. ಪ್ರತಿ ಸಲವೂ ಹೀಗೇ. ಮೂರು ಅಂಕ ಕೊಟ್ಟೆ. ಪಕ್ಕದಲ್ಲಿ ಒಂದು ಟಿಪ್ಪಣಿ: 'ತನ್ನ ಮೇಲೆ ತನಗೇ ನಂಬಿಕೆಯಿಲ್ಲ.' ಎಷ್ಟು ಗಂಭೀರ ವಾಕ್ಯ ನೋಡಿ! ಬರೆದು ಖುಷಿಪಟ್ಟ ನೆನಪು.

ನನ್ನ ಅಂಕ ಕೇಳಿ ವಿಲ್ಫ್ರೆಡ್ ನಿಟ್ಟುಸಿರು ಬಿಟ್ಟರು. ನಿಹಾಲ್‌ನ ಅಪ್ಪ ಅಮ್ಮ ಇಬ್ಬರೂ ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಡಾಕ್ಟರುಗಳು, ಉಡುಪಿ ಕಡೆಯವರು. ರಾಜ್ಯದಿಂದ ರಾಜ್ಯಕ್ಕೆ ಓಡಾಟ ಬಂದ್ ಆಗಿ ಮಗ ಇಲ್ಲಿ ಬಾಡಿಗೆ ಕೋಣೆಯಲ್ಲಿ ಸಿಕ್ಕಿಕೊಂಡು ಕಾಲೇಜು ಓದುತ್ತಿದ್ದ. ಹಿಂದಿನ ಸೀಸನ್ ಪೂರ್ತಿ ಬೆಂಚಿನಲ್ಲೇ ಕಳೆದವನು. ಈ ಸಲವೂ ಜಾಗ ಸಿಗದಿದ್ದರೆ ಆಟವನ್ನೇ ಬಿಡುತ್ತೇನೆ ಎಂದಿದ್ದನಂತೆ.

"ಬೇಡ ಅಂತ ಹೇಳ್ಳಿಕ್ಕೆ ನನಗೆ ಬಾಯಿ ಬರುದಿಲ್ಲ. ನೀವೇ ಒಮ್ಮೆ ಮಾತಾಡಿ. ನಿಮಗೆ ಅಭ್ಯಾಸ ಉಂಟಲ್ಲ."

ಅಭ್ಯಾಸವಿತ್ತು. ನೋವಾಗದಂತೆ 'ಇಲ್ಲ' ಎನ್ನುವುದು ನಮ್ಮ ವೃತ್ತಿಯ ಅರ್ಧ ಭಾಗ. ವಿಡಿಯೊ ಕಾಲ್ ಮಾಡಿ ಮೆಲುದನಿಯಲ್ಲಿ ಶುರು ಮಾಡಿದೆ.

"ಒಳ್ಳೆ ಪ್ರಯತ್ನ ನಿಹಾಲ್. ಆದ್ರೆ ಬ್ಯಾಟನ್ನ ಅರ್ಧಕ್ಕೇ ನಿಲ್ಲಿಸ್ತೀಯ. ಯಾಕೆ, ಹೆದರಿಕೆನಾ?"

"ಯಾ ಆಂಟಿ, ತುಂಬಾ ಹೆದರಿಕೆ. ಟಿವಿ ಒಡೆದ್ರೆ ಓನರ್ ಓಡಿಸ್ತಾರೆ ಲಾ." (ಮಾತಿನ ಕೊನೆಯ ಈ 'ಲಾ' ಮಲೇಷ್ಯಾದ ಅಂಟು.)

ಅವನು ಫೋನನ್ನು ತಿರುಗಿಸಿದ. ಎಡಗಡೆ ಟಿವಿ. ತಲೆಯ ಮೇಲೆ ಕೈಗೆಟಕುವ ಫ್ಯಾನು. ಬಲಗಡೆ ಮಂಚ. ಮಂಚದ ಮೇಲೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಆನ್‌ಲೈನ್ ಕ್ಲಾಸ್ ಕೇಳುತ್ತಿದ್ದ ರೂಮ್‌ಮೇಟ್. ನಿಹಾಲ್ ಬ್ಯಾಟು ಎತ್ತಿ ತೋರಿಸಿದ್ದೇ ಅವನು ತಲೆ ತಗ್ಗಿಸಿದ. ಪಾಪ, ರೂಢಿಯಾಗಿತ್ತೆಂದು ಕಾಣುತ್ತದೆ.

"ಮೊದ್ಲೇ ಹೇಳ್ಬಾರ್ದಿತ್ತಾ?"

"ಕೋಚ್ ಒನ್ ಮಿನಿಟ್ ಓನ್ಲಿ ಅಂದ್ರು. ನೋ ಟಾಕಿಂಗ್, ಬೀಸು ಅಂದ್ರು."

ನಾನು ತಯಾರು ಮಾಡಿಕೊಂಡಿದ್ದ ಸಮಾಧಾನದ ಭಾಷಣವನ್ನು ಅಲ್ಲಿಗೇ ಬಿಟ್ಟೆ. ಮತ್ತೆ ಮಾತಾಡೋಣ ಎಂದು ಫೋನಿಟ್ಟೆ. ಮತ್ತೆ ಎಲ್ಲ ವಿಡಿಯೊ ಹಾಕಿ ನೋಡಿದೆ, ಈ ಸಲ ಆಟಗಾರರನ್ನು ಬಿಟ್ಟು ಅವರ ಹಿಂದಿದ್ದುದನ್ನು. ನಾನು ಒಂಬತ್ತು ಕೊಟ್ಟವನು ಎರಡು ಕಾರು ನಿಲ್ಲುವಷ್ಟು ದೊಡ್ಡ ಪೋರ್ಚಿನಲ್ಲಿ ನಿಂತಿದ್ದ. ಏಳು ಕೊಟ್ಟವನದು ವಿಶಾಲವಾದ ಹಾಲ್. ಅಂದರೆ ನಾನು ಅಂಕ ಕೊಟ್ಟದ್ದು ಮನೆಗಳಿಗೆ!

ಇದು ಬೇಸ್‌ಬಾಲಿನ ಕತೆ ಮಾತ್ರವೇ? ಈ ಎರಡು ವರ್ಷ ನಾವೆಲ್ಲ ಒಬ್ಬರನ್ನೊಬ್ಬರು ಅಳೆದದ್ದು ಹೀಗೇ ಅಲ್ಲವೇ? ಕಿಟಕಿಯ ಬೆಳಕು ಮುಖಕ್ಕೆ ಬಿದ್ದವನು 'ಸ್ಪಷ್ಟ ವಿಚಾರವಂತ'. ಮತ್ತೆ ಮತ್ತೆ ಮ್ಯೂಟ್ ಒತ್ತಿದವಳು 'ಹಿಂಜರಿಕೆಯವಳು'. ಅವಳ ಹಿಂದೆ ಕುಕ್ಕರ್ ಕೂಗುತ್ತಿದ್ದರೆ?

ವಿಲ್ಫ್ರೆಡ್‌ಗೆ ಹೇಳಿದೆ. ಅವರು ನಕ್ಕ ನಗು ಫೋನ್ ಇಲ್ಲದೆಯೂ ಮೇಲಿನ ಮಹಡಿಯಿಂದ ಕೇಳಿಸಿತು. "ಯಾರನ್ನೂ ಬಿಡುದು ಬೇಡ. ಗ್ರೌಂಡ್ ತೆರೆಯುವವರೆಗೆ ಕಾಯುವ."

ಮೈದಾನ ತೆರೆಯಿತು. ನಾನೂ ಹೋದೆ. (ಕರೆದಿರಲಿಲ್ಲ. ಹೋಗದಿರಲು ಆಗಲಿಲ್ಲ.) ಗೇಟಿನಲ್ಲಿ ಹಣೆಗೆ ಥರ್ಮಾಮೀಟರ್ ಹಿಡಿಸಿಕೊಂಡು ಒಳಗೆ ಬಂದೆ. ಹುಲ್ಲು ಹುಚ್ಚಾಪಟ್ಟೆ ಬೆಳೆದಿತ್ತು. ನಿಹಾಲ್ ಬ್ಯಾಟು ಹಿಡಿದು ನಿಂತ. ಚೆಂಡು ಬಂತು. ಬೀಸಿದ.

ಅರ್ಧಕ್ಕೇ ನಿಂತಿತು ಬ್ಯಾಟು.

ಮತ್ತೊಂದು ಚೆಂಡು. ಮತ್ತೆ ಅರ್ಧ. ಹಾಗಾದರೆ ನನ್ನ ಮೂರು ಅಂಕವೇ ಸರಿಯಿತ್ತೇ? ಇಷ್ಟಗಲ ಬಯಲಲ್ಲೂ ಹೀಗಾದರೆ?

ಆಗ ವಿಲ್ಫ್ರೆಡ್ ಮಾಸ್ಕ್ ಕೆಳಗೆಳೆದು ಕೂಗಿದರು. "ಓ ನಿಹಾಲ್! ಇಲ್ಲಿ ಯಾರ ಟಿವಿ ಉಂಟು ಮಾರಾಯಾ?"

ನಿಹಾಲ್ ಬ್ಯಾಟು ಇಳಿಸಿದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಆಮೇಲೆ ನಿಧಾನವಾಗಿ ತಲೆ ಎತ್ತಿ ಮೇಲೆ ನೋಡಿದ. ಬರೀ ಆಕಾಶ. ಅವನಿಗೇ ನಗು ಬಂತು. ಮುಂದಿನ ಚೆಂಡಿಗೆ ಎಷ್ಟು ಜೋರಾಗಿ ಬೀಸಿದನೆಂದರೆ, ಚೆಂಡು ತಪ್ಪಿ, ತಾನೇ ಒಂದು ಸುತ್ತು ತಿರುಗಿ ಹುಲ್ಲಿನ ಮೇಲೆ ಕುಳಿತುಬಿಟ್ಟ. ಎಲ್ಲರೂ ಬಿದ್ದುಬಿದ್ದು ನಕ್ಕರು.

ಅದರ ಮುಂದಿನದು ತಾಗಿತು. ಟಕ್!

ಎಷ್ಟು ದೂರ ಹೋಯಿತೆಂದು ನನ್ನನ್ನು ಕೇಳಬೇಡಿ. ಈಗಿನ ನೆನಪಿನಲ್ಲಿ ಅದು ಹೆದ್ದಾರಿ ದಾಟಿ ಹೋಗಿದೆ. ಅಂದೇ ಬರೆದ ಡೈರಿ 'ಬೇಲಿಯ ಹತ್ತಿರ' ಎನ್ನುತ್ತದೆ. ನನ್ನ ನೆನಪಿಗೆ ಉತ್ಪ್ರೇಕ್ಷೆಯ ಚಟವಿದೆ. ಆದರೆ ಆ ಸದ್ದಿಗೆ ನಾನು ಕುಣಿದದ್ದು ಖಂಡಿತ. ಮರುದಿನ ಮಂಡಿ ನೋಯುತ್ತಿತ್ತು.

"ಇವ ಇರಲಿ" ಎಂದರು ವಿಲ್ಫ್ರೆಡ್. ಅಷ್ಟೇ. ನಿಹಾಲ್ ಮೆಲಾಕಾಗೆ ವಿಡಿಯೊ ಕಾಲ್ ಮಾಡಿ, ಅಮ್ಮನಿಗೆ ತನ್ನ ಮುಖ ತೋರಿಸುವ ಬದಲು ಮೈದಾನವನ್ನು ಒಂದು ಸುತ್ತು ತೋರಿಸಿದ.

ಆಮೇಲೆ ಪಕ್ಕದ ಮಾಮಕ್ ಅಂಗಡಿಯಿಂದ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಿಂದ, ಚಹಾ ತಪಾವ್ (ಇಲ್ಲಿಯ ಪಾರ್ಸೆಲ್) ಮಾಡಿಸಿಕೊಂಡು ಬಂದ. ಪ್ಲಾಸ್ಟಿಕ್ ಚೀಲದ ಚಹಾಕ್ಕೆ ಸ್ಟ್ರಾ ಹಾಕಿ ಹೀರುತ್ತಾ ಕುಳಿತೆವು.

"ಆಂಟಿ, ಒಂದು ಕೇಳ್ಲಾ? ಬೇಜಾರಿಲ್ಲ ಅಲ್ವಾ?"

"ಕೇಳಪ್ಪ."

"ಆವತ್ತು ಕಾಲ್‌ನಲ್ಲಿ ಯಾಕೆ ಅಷ್ಟು ಸಾಫ್ಟ್ ವಾಯ್ಸ್? ನಾನು, ರೂಮ್‌ಮೇಟ್ ಡಿಸ್ಕಸ್ ಮಾಡಿದ್ವಿ. ಪಾಪ, ಈ ಆಂಟಿ ಜಾಬ್‌ಗೆ ನ್ಯೂ, ನೋ ಕಾನ್ಫಿಡೆನ್ಸ್ ಅಂತ."

ಆವತ್ತು ಪಕ್ಕದ ಕೋಣೆಯಲ್ಲಿ ನನ್ನ ಮಗಳ ಆನ್‌ಲೈನ್ ಪರೀಕ್ಷೆ ನಡೆಯುತ್ತಿತ್ತು.

ಅವರಿಬ್ಬರೂ ಸೇರಿ ನನಗೆ ಹತ್ತಕ್ಕೆ ಎಷ್ಟು ಕೊಟ್ಟರೋ, ಕೇಳುವ ಆತ್ಮವಿಶ್ವಾಸ ನನಗಿರಲಿಲ್ಲ.