ಎರಿಭೂತದ ಫೋಟೊ

ಆ ವರ್ಷ ಚಳಿಗಾಲ ಬಂದದ್ದೇ ಗೊತ್ತಾಗಲಿಲ್ಲ. ಬಳ್ಳಾರಿಯಲ್ಲಿ ಚಳಿ ಮೊದಲೇ ಅಷ್ಟಕ್ಕಷ್ಟೆ. ಆ ಸಲ ಅದೂ ಇಲ್ಲ. ಸಂಕ್ರಾಂತಿ ಹತ್ತಿರ ಬಂದರೂ ಜನ ಅಂಗಳದಲ್ಲೇ ಮಲಗುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದು ಸ್ವಲ್ಪ ಕಾಲ ಆಗಿತ್ತು. ನಾನು ಕೋಟೆ ಗುಡ್ಡದ ಕೆಳಗೆ ಒಂದು ಫೋಟೊ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದೆ. ಶಾಲೆ ಮೂರನೇ ಕ್ಲಾಸಿಗೇ ಬಿಟ್ಟವನು. ಕತ್ತಲೆ ಕೋಣೆಯಲ್ಲಿ ಫೋಟೊ ತೊಳೆಯುವುದು, ಒಣಹಾಕುವುದು ನನ್ನ ಕೆಲಸ. ಮದುವೆಯಾದವರು, ಸತ್ತವರು, ಇವರ ಫೋಟೊ ಬಿಟ್ಟರೆ ಬೇರೆ ತೊಳೆದದ್ದು ನೆನಪಿಲ್ಲ. ಹೊಲದ್ದೋ ಹಕ್ಕಿಯದೋ ಫೋಟೊ ಬೇಕು ಅಂತ ಯಾರೂ ಬಂದವರಲ್ಲ.

ನಮ್ಮ ಊರು ಕುರುಗೋಡು. ಅಕ್ಕನನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದೆವು. ಮಾವನದು, ಅಂದರೆ ಅಕ್ಕನ ಗಂಡನದು, ಪೇಟೆಯಲ್ಲಿ ಬಟ್ಟೆ ಅಂಗಡಿ. ಈಚೆಗೆ ಊರ ಹೊರಗೆ ಎರಿ ಹೊಲ ತೆಗೆದುಕೊಂಡಿದ್ದರು. ಆಗ ಆ ಕಡೆ ಕಾಲುವೆ ನೀರು ಇರಲಿಲ್ಲ. ಕಣ್ಣು ಹೋದಷ್ಟು ದೂರ ಕರಿ ಮಣ್ಣು, ಬಿಳಿ ಜೋಳ.

ಒಂದು ದಿನ ಅಕ್ಕ ಬುತ್ತಿ ಒಯ್ದಾಗ ಹೊಲದಲ್ಲಿ ಏನೋ ಬೆಳ್ಳಗೆ ಉಬ್ಬಿ ನಿಂತದ್ದು ಕಂಡಿತು. ಅಲ್ಲಿ ಕುರಿ ಕಾಯುವ ಅಜ್ಜನನ್ನು ಕೇಳಿದಳು. "ಎರಿಭೂತ, ತಂಗಿ. ಬ್ಯಾಸಿಗಿ ಬಂತಂತ ತಿಳಕೊಂಡು ಈಗ ಉಬ್ಬಾಕ ಹತ್ಯಾದ" ಅಂದ. ಅಕ್ಕ ಖುಷಿಯಿಂದ ಮನೆಗೆ ಬಂದು ಹೇಳಿದಳು, "ಅತ್ತೀ, ಇವತ್ತ ನಾನು ಎರಿಭೂತ ನೋಡಿದೆ!"

ಅಲ್ಲಿಗೆ ಮುಗಿಯಿತು. ಅಕ್ಕನ ಅತ್ತೆಯ ತವರು ಆದೋನಿ ಕಡೆ, ತೆಲುಗು ಸೀಮೆ. ಸಿರುಗುಪ್ಪಕ್ಕೆ ಬಂದಮೇಲೆ ಪೇಟೆ ಬಿಟ್ಟು ಹೊಲಕ್ಕೆ ಕಾಲಿಟ್ಟವಳಲ್ಲ. ಎರಿ ಹೊಲದ ಆ ದೊಡ್ಡ ಹಕ್ಕಿಗೆ ನಮ್ಮ ಕಡೆ ಎರಿಭೂತ ಅನ್ನುತ್ತಾರೆ ಅಂತ ಅವಳಿಗೆ ಗೊತ್ತಿಲ್ಲ; ಕಿವಿಗೆ ಬಿದ್ದದ್ದು ಭೂತ ಒಂದೇ. ಮದುವೆಯಾಗಿ ಎರಡು ವರ್ಷವಾದರೂ ಸೊಸೆಗೆ ಮಕ್ಕಳಾಗಿರಲಿಲ್ಲ. ಭೂತ ಬಡಿದದ್ದಕ್ಕೇ ಆಗಿಲ್ಲ ಅಂದಳು. ಮಾವ ಅಕ್ಕನ ಪರ ನಿಂತು ಇನ್ನೂ ಕೆಡಿಸಿದ.

"ಅವ್ವಾ, ಅದು ಬರೇ ಎರಿಭೂತ. ನಾನೂ ನೋಡೀನಿ."

"ನಿನಗೂ ಬಡೀತೇನೋ!"

ಅಕ್ಕನನ್ನು ಕುರುಗೋಡಿಗೆ ಕಳಿಸಿಬಿಟ್ಟರು. ಬರುವ ಯುಗಾದಿ ಹೊತ್ತಿಗೆ ಮಾವನಿಗೆ ಬೇರೆ ಹೆಣ್ಣು ನೋಡುತ್ತಾರೆ ಅನ್ನುವ ಮಾತೂ ಬಂತು. ನಮ್ಮವ್ವ ಒಲೆ ಮುಂದೆ ಕೂತು ಅಳುತ್ತಿದ್ದಳು. ಅಕ್ಕ ಅಳಲಿಲ್ಲ. "ಹಕ್ಕಿ ನೋಡಿದ್ದು ತಪ್ಪೇನಲೇ?" ಅಂತ ನನ್ನನ್ನು ಕೇಳಿದಳು.

ನಾನು ನೆಟ್ಟಗೆ ಸಿರುಗುಪ್ಪಕ್ಕೆ ಹೋದೆ. ಅಕ್ಕನ ಅತ್ತೆ ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದಳು.

"ಅತ್ತೀ, ಅದು ಹಕ್ಕಿ."

"ನೀನು ಅವಳ ತಮ್ಮ. ನಿನ್ನ ಮಾತು ಯಾರು ನಂಬ್ತಾರ?"

"ಫೋಟೊ ತೋರಿಸಿದ್ರ ನಂಬ್ತೀರಾ?"

ಅಡಕೊತ್ತು ನಿಂತಿತು. "ಕೊಕ್ಕು ಕಾಣ್ಬೇಕು, ಕಾಲು ಕಾಣ್ಬೇಕು. ಕಂಡ್ರ ನಾನಾ ಗಾಡಿ ಕಟ್ಟಿಸಿ ಕರಸ್ಕೊಂತೀನಿ. ಕಾಣ್ಲಿಲ್ಲಂದ್ರ ಮತ್ತ ಈ ಕಟ್ಟಿ ಹತ್ತಬ್ಯಾಡ."

ಬಳ್ಳಾರಿಗೆ ಬಂದು ಸ್ಟುಡಿಯೋ ಮಾಲೀಕರಿಗೆ ಹೇಳಿದೆ. ಅವರಿಗೆ ವಯಸ್ಸಾಗಿತ್ತು, ಕಣ್ಣಿಗೆ ಪೊರೆ ಬಂದಿತ್ತು. ಯುದ್ಧದ ದೆಸೆಯಿಂದ ಫಿಲಂ ಆಗ ಸಿಗುತ್ತಲೇ ಇರಲಿಲ್ಲ.

"ಸತ್ತೋರ ಫೋಟೊಕ್ಕ ಫಿಲಂ ಇಲ್ಲ. ನಿನಗ ಹಕ್ಕಿ ಬೇಕೇನ್ಲೇ?"

"ನಮ್ಮಕ್ಕನ ಬಾಳೇವು ಐತ್ರಿ ಅದರಾಗ."

ಅವರು ಒಳಗೆ ಹೋಗಿ ಡಬ್ಬಿ ಕ್ಯಾಮೆರಾ ತಂದು ಕೊಟ್ಟರು. "ಒಳಗ ಮೂರು ಉಳದಾವು. ಹತ್ರ ಹೋಗಿ ತಗಿ. ಈ ಡಬ್ಬಿಗೂ ನನ್ನಂಗ ದೂರದ್ದು ಕಾಣಾಂಗಿಲ್ಲ."

ಮಾವನೂ ನಾನೂ ನಸುಕಿನಲ್ಲೇ ಹೊಲಕ್ಕೆ ಹೋದೆವು. ಕೊಯ್ದು ಒಟ್ಟಿದ ಜೋಳದ ದಂಟಿನ ಮರೆಯಲ್ಲಿ ಕೂತೆವು. ಮಂಜಿಲ್ಲ, ಇಬ್ಬನಿಯಿಲ್ಲ. ಕಂಬಳಿ ಬೇಕಾಗಲಿಲ್ಲ. ಹೊತ್ತು ಹುಟ್ಟಿತು. ನೋಡಿದರೆ ಬರೀ ಹೊಲ. ಆಮೇಲೆ ಹೊಲದ ಒಂದು ತುಂಡು ನಡೆಯಿತು.

ನಾನು ಹೆದರಿದೆ. ಹಕ್ಕಿ ಅಂತ ಗೊತ್ತಿದ್ದೂ ಹೆದರಿದೆ. ನನ್ನ ಸೊಂಟಕ್ಕೆ ಬರುವಷ್ಟು ಎತ್ತರ. ಬೆನ್ನು ಮಣ್ಣಿನ ಬಣ್ಣ, ಕುತ್ತಿಗೆ ಬಿಳಿ, ತಲೆಯ ಮೇಲೆ ಕರಿ ಟೋಪಿ. ಸಾಹುಕಾರ ಹೊಲ ನೋಡಲು ಬಂದ ಹಾಗೆ ಒಂದೊಂದೇ ಹೆಜ್ಜೆ ಇಡುತ್ತಾ ಬಂತು. ನಿಂತಿತು. ಕುತ್ತಿಗೆ ಉಬ್ಬತೊಡಗಿತು. ಉಬ್ಬಿ ಉಬ್ಬಿ ಬಿಳಿ ಚೀಲದ ಹಾಗೆ ನೆಲದ ತನಕ ಜೋತು ಬಿತ್ತು. ಬಾಲ ಬೆನ್ನಿನ ಮೇಲೆ ಮಡಚಿಕೊಂಡಿತು. ಈಗ ತಲೆ ಇಲ್ಲ, ಕಾಲಿಲ್ಲ, ಕರಿ ನೆಲದ ಮೇಲೆ ಒಂದು ಬಿಳೀ ಆಕಾರ. ಬಿಸಿಲು ಅದರ ಮೇಲೇ ಬಿದ್ದಿತ್ತು. ಆಮೇಲೆ ಸದ್ದು. ಖಾಲಿ ಕೊಡದ ಬಾಯಿಗೆ ಯಾರೋ ಊದಿದ ಹಾಗೆ. ಅದು ಕಿವಿಗಲ್ಲ, ನನ್ನ ಎದೆಗೆ ಬಡಿಯಿತು. ಕೂತ ನೆಲವೂ ಅದಿರಿದ ಹಾಗಾಯಿತು.

ನಾನು ಕ್ಯಾಮೆರಾ ಮರೆತೆ. ಅಕ್ಕನನ್ನೂ ಮರೆತೆ. ಬಾಯಿ ತೆರೆದು ಕೂತಿದ್ದೆ.

ಮಾವ ತೊಡೆ ಜಿಗುಟಿದ. "ಒತ್ತಲೇ!"

ಒತ್ತಿದೆ. ಕುತ್ತಿಗೆ ಇಳಿಸಿ ಅದು ಕೂಳೆ ಹೊಲಕ್ಕೆ ನಡೆಯಿತು. ಮತ್ತೆ ಒತ್ತಿದೆ. ಅಲ್ಲಿಂದ ಒಡ್ಡು ಹತ್ತಿ ನಿಂತು ತಿರುಗಿ ನೋಡಿತು. ಕೊನೆಯದನ್ನೂ ಒತ್ತಿದೆ. ಅಷ್ಟರಲ್ಲಿ ಮಾವ ಕೆಮ್ಮಿದ. ಅದು ನಾಲ್ಕು ಹೆಜ್ಜೆ ಓಡಿ ರೆಕ್ಕೆ ಬಿಚ್ಚಿತು. ಅಷ್ಟು ಭಾರದ್ದು ಹಾರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ನಮ್ಮ ತಲೆಯ ಮೇಲೇ ಹೋಯಿತು. ರೆಕ್ಕೆಯ ಗಾಳಿಗೆ ಜೋಳದ ಗರಿ ಸರಸರ ಅಂದವು.

ಸ್ಟುಡಿಯೋದಲ್ಲಿ ಕೆಂಪು ದೀಪದ ಕೆಳಗೆ ಮೊದಲ ಫೋಟೊ ತೊಳೆದೆ. ಹೊಲದಲ್ಲಿ ಹಾಲು ಚೆಲ್ಲಿದ ಹಾಗೆ ಒಂದು ಬಿಳೀ ಕಲೆ. ಮಾಲೀಕರು ಕಣ್ಣಿಗೆ ಹತ್ತಿರ ಹಿಡಿದು ನೋಡಿ ನಕ್ಕರು. "ಬರೋಬ್ಬರಿ ಭೂತಾನ ತಗದೀಯಲ್ಲೋ!" ನನಗೆ ನಗು ಬರಲಿಲ್ಲ. ಎರಡನೆಯದರಲ್ಲಿ ಬರೀ ಕೂಳೆ. ಹಕ್ಕಿ ಅದರೊಳಗೇ ಕರಗಿಹೋಗಿತ್ತು.

ಮೂರನೆಯದರಲ್ಲಿ ಒಡ್ಡು, ಮೇಲೆ ಬಿಳೀ ಆಕಾಶ. ನಡುವೆ ಉಗುರಿನಷ್ಟು ಕರಿ ಚುಕ್ಕೆ. ಮಾಲೀಕರು ಅದನ್ನು ತಾವೇ ದೊಡ್ಡದು ಮಾಡಿದರು. ಮದ್ದಿನ ನೀರಿನ ತಟ್ಟೆಯಲ್ಲಿ ಕಾಗದದ ಮೇಲೆ ನಿಧಾನಕ್ಕೆ ಕಪ್ಪು ಮೂಡಿತು. ಮೊದಲು ಒಡ್ಡು, ಆಮೇಲೆ ಎರಡು ಕಾಲು, ಉದ್ದ ಕುತ್ತಿಗೆ, ಕೊನೆಗೆ ಕೊಕ್ಕು. ಎಷ್ಟೋ ಫೋಟೊ ಹೀಗೆ ಮೂಡಿದ್ದನ್ನು ನೋಡಿದ್ದೆ. ಅವತ್ತು ಮಾತ್ರ ಒಣಹಾಕುವ ತನಕ ತಡೆಯದೆ ಒದ್ದೆ ಕಾಗದವನ್ನೇ ದೀಪಕ್ಕೆ ಹಿಡಿದೆ.

ಅಕ್ಕನ ಅತ್ತೆ ಫೋಟೊವನ್ನು ಬಾಗಿಲ ಬೆಳಕಿಗೆ ಹಿಡಿದಳು. ತುಂಬಾ ಹೊತ್ತು ನೋಡಿದಳು. 

"ಇದಾ?"

"ಇದಾ, ಅತ್ತೀ."

"ಲೇ, ಇದು ಬಟ್ಟಮೇಕ ಅಲ್ಲೇನೋ! ನಮ್ಮಪ್ಪ ಬಂದೂಕಲೆ ಹೊಡ್ಕಂಡು ಬರ್ತಿದ್ದ. ಸಾರು ಮಾಡಿ ತಿಂದೀನೋ ಇದನ್ನ!" ಅಷ್ಟು ಹೇಳಿ ಮಗನ ಕಡೆ ತಿರುಗಿದಳು. "ಬಾಯಿ ಬಿಟ್ಟು ಬಟ್ಟಮೇಕ ಅನ್ನಾಕ ಏನಾಗಿತ್ತು ನಿಮಗ? ಹಕ್ಕಿಗೆ ಯಾರಾರ ಭೂತ ಅಂತಾರೇನು?"

"ನಿಮ್ಮ ತೆಲುಗಿನಾಗ ಹಕ್ಕಿಗೆ ಮೇಕಿ ಅಂತಾರಲ್ಲವ್ವಾ, ಅದು?" ಅಂದ ಮಾವ. ಅವ್ವನ ಬಾಯಿ ಕಟ್ಟುವ ಮಾತು ಅವನಿಂದ ಬಂದದ್ದು ಅದೇ ಮೊದಲು.

ಅವತ್ತೇ ಗಾಡಿ ಕಟ್ಟಿಸಿದಳು. ನಾನೇ ಕುರುಗೋಡಿಗೆ ಹೋಗಿ ಅಕ್ಕನನ್ನು ಕರೆತಂದೆ. ಅತ್ತೆ ಸೊಸೆಗೆ ತಪ್ಪಾಯಿತು ಅಂತೇನೂ ಹೇಳಲಿಲ್ಲ. ಬಿಸಿ ರೊಟ್ಟಿ ಹಾಕಿದಳು. ಆಮೇಲೆ ಅಂದಳು, "ಮುಂಜಾನಿ ನನಗೂ ತೋರಸು. ನಾನು ಸತ್ತಿದ್ದನ್ನಷ್ಟ ನೋಡೀನಿ."

ಬೆಳಿಗ್ಗೆ ಅದೇ ದಂಟಿನ ಮರೆಯಲ್ಲಿ ಅವರಿಬ್ಬರೂ ಮುಂದೆ, ನಾನು ಹಿಂದೆ ಕೂತೆವು. ನನ್ನ ಹತ್ತಿರ ಕ್ಯಾಮೆರಾ ಇರಲಿಲ್ಲ. ಹಕ್ಕಿ ಬಂತು. ನಿಂತಿತು. ಬೆಳ್ಳಗೆ ಉಬ್ಬಿತು. ಆ ಸದ್ದು ಎದೆಗೆ ಬಡಿದಾಗ ಅತ್ತೆ ಸೊಸೆಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಯವ್ವಾ, ಇದು ಭೂತಾನ ಬಿಡು" ಅಂದಳು ಪಿಸುಮಾತಿನಲ್ಲಿ.

"ಅವತ್ತ ನಾನು ಹೇಳಿದ್ದೂ ಅದಾ, ಅತ್ತೀ" ಅಂದಳು ಅಕ್ಕ.

"ಸುಮ್ಕಿರ, ಓಡಿ ಹೋದೀತು."